ಉಣಗೋಲು ತೆರೆದಿಟ್ಟದ್ದು ಯಾರು?

ಮನೆ ಬಿಚ್ಚುವ ಮೊದಲು ಒಂದ್ಸಲ ಬಂದು ನೋಡಿ ಹೋಗು ಅಂತ ಅಣ್ಣ ಫೋನ್ ಮಾಡಿದ್ದ. ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ ನಮ್ಮ ಹಳೇ ಮನೆ. ಅಣ್ಣ ಪಕ್ಕದಲ್ಲೇ ಹೊಸದು ಕಟ್ಟಿಸಿದ್ದಾನೆ. ಅಪ್ಪ ಮಾತ್ರ ಹಳೇ ಮನೆ ಬಿಟ್ಟು ಬರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಅವನು ತೀರಿಕೊಂಡ ಮೇಲೆ ಬೀಗ ಬಿದ್ದದ್ದು ಹಾಗೇ ಇತ್ತು. ನನಗೆ ಆಗ ಬರಲು ಆಗಲಿಲ್ಲ. ನಿಜ ಹೇಳಬೇಕೆಂದರೆ ಅದಕ್ಕೂ ಮೊದಲೂ ನಾನು ಬರುತ್ತಿರಲಿಲ್ಲ. ಐದನೇ ಇಯತ್ತೆ ಮುಗಿಸಿ ಹುಬ್ಬಳ್ಳಿಯ ಸೋದರತ್ತೆ ಮನೆಗೆ ಓದಲು ಹೋದವನು, ಮೊದಮೊದಲು ರಜೆಗೆ ಬರುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ. ಆಯಿ, ಅಣ್ಣ ನಾನಿದ್ದಲ್ಲಿಗೆ ಬರುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ, ಈ ಲೇಖನ ಅದರ ಬಗ್ಗೆಯೇ.

ಜೂನ್ ಎರಡನೇ ವಾರ. ಮಳೆ ಹಿಡಿದಿತ್ತು. ಅಣ್ಣ ಚಿಲಕ ಸರಿಸಿ ಬಾಗಿಲು ದೂಡಿದ್ದೇ ತಡ, ಒಳಗಿಂದ ವಾಸನೆ ಬಂತು. ಬಚ್ಚಲೊಲೆಯ ಹೊಗೆ, ಅಡಿಕೆ ಬೇಯಿಸಿದ ನೀರಿನ ಚೊಗರು, ಒದ್ದೆ ಕಂಬಳಿ, ಕವಳದ ಸಂಚಿಯ ಹೊಗೆಸೊಪ್ಪು, ಎಲ್ಲ ಸೇರಿದ ಒಂದೇ ವಾಸನೆ. ನನಗೆ ಹೊಟ್ಟೆಯಲ್ಲಿ ಏನೋ ಹಿಡಿದ ಹಾಗಾಯಿತು. ಹಿಂದೆ ನಿಂತಿದ್ದ ಅತ್ತಿಗೆ ಮೆಲ್ಲಗೆ ಹೇಳಿದಳು, "ಮಾವಯ್ಯ ಇಲ್ಲೇ ಇದ್ದ ಕಾಣ್ತು."

ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪನ ಕೊನೆಗಾಲದಲ್ಲಿ ನೋಡಿಕೊಂಡವಳು ಅವಳು. ಸಿಟ್ಟು ಬಂದದ್ದು ಆಮೇಲೆ, ಊರಿಗೆ ಬಂದುಹೋಗುವ ಪ್ರಶ್ನೆ ಹೇಳುವವರೊಬ್ಬರು ಇದೇ ವಾಸನೆಯ ಮಾತು ಕೇಳಿ, ಹಿರಿಯರ ಆತ್ಮ ಮನೆ ಬಿಟ್ಟಿಲ್ಲ, ಬಿಚ್ಚುವ ಮೊದಲು ಶಾಂತಿ ಮಾಡಿಸಬೇಕು, ಇಪ್ಪತ್ತೈದು ಸಾವಿರ ಆಗ್ತದೆ ಅಂದಿದ್ದಾರೆ ಎಂದು ಗೊತ್ತಾದಾಗ. ಹಾಗಾಗಿ ಮೊದಲು ಈ ವಾಸನೆಯ ಲೆಕ್ಕ ಮುಗಿಸಿಬಿಡೋಣ.

ಕಟ್ಟಿಗೆಯಲ್ಲಿ ಲಿಗ್ನಿನ್ ಅಂತ ಒಂದು ವಸ್ತು ಇದೆ. ಮರಕ್ಕೆ ಗಟ್ಟಿತನ ಕೊಡುವುದು ಅದು. ಅದು ಸುಟ್ಟಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ವಸ್ತುಗಳು ಹುಟ್ಟುತ್ತವೆ. ಹೊಗೆಗೆ ಹೊಗೆಯ ವಾಸನೆ ಬರುವುದು ಬಹುಮಟ್ಟಿಗೆ ಇವುಗಳಿಂದ. ನಮ್ಮ ಮನೆಯ ತೊಲೆ, ಜಂತಿ, ಅಟ್ಟದ ಹಲಗೆ ಎಲ್ಲ ಎಪ್ಪತ್ತು ವರ್ಷ ಹೊಗೆ ಕುಡಿದು ಕಪ್ಪಾಗಿವೆ. ಬೇಸಿಗೆಯಲ್ಲಿ ಅವು ಸುಮ್ನೆ ಇರುತ್ತವೆ. ಮಳೆಗಾಲದಲ್ಲಿ ಗಾಳಿಯ ತೇವ ಏರಿದಾಗ ನೀರಿನ ಕಣಗಳು ಮಸಿಗೆ ಅಂಟಿಕೊಂಡು, ಮೊದಲೇ ಕೂತಿದ್ದ ವಾಸನೆಯ ಕಣಗಳನ್ನು ಹೊರಗೆ ತಳ್ಳುತ್ತವೆ. ಬಾಗಿಲು ಹಾಕಿದ ಮನೆಯಲ್ಲಿ ಅದು ಹೊರಗೆ ಹೋಗಲೂ ದಾರಿ ಇಲ್ಲ. ಮನೆಯಲ್ಲಿ ಅಪ್ಪ ಇರಲಿಲ್ಲ, ಅವನು ಒಟ್ಟಿದ ಬೆಂಕಿಯ ಹೊಗೆ ಇತ್ತು. ನನಗೆ ಅಷ್ಟೇ ಸಾಕು, ಅದು ಸಣ್ಣ ಸಂಗತಿ ಅಲ್ಲ.

ಆದರೆ ಹೊಟ್ಟೆಯಲ್ಲಿ ಹಿಡಿದದ್ದು ಯಾಕೆ? ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಿದುಳಿನ ನಡುವಿನ ಥಲಾಮಸ್ ಎಂಬಲ್ಲಿ ತಡೆದು ಮುಂದೆ ಹೋಗುತ್ತದೆ. ವಾಸನೆಗೆ ಆ ತಡೆ ಇಲ್ಲ. ಮೂಗಿನ ಮಾಡಿನಿಂದ ಹೊರಟ ಸುದ್ದಿ ಒಂದೆರಡು ಹೆಜ್ಜೆಯಲ್ಲೇ ಅಮಿಗ್ಡಲ ತಲುಪುತ್ತದೆ. ಭಯ, ಪ್ರೀತಿ, ಸಿಟ್ಟಿಗೆ ಬೆಲೆ ಕಟ್ಟುವ ಜಾಗ ಅದು. ಅದರ ಪಕ್ಕದಲ್ಲೇ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್. ನಮ್ಮ ಕಡೆ ಮನೆಗಳಿಗೆ ಹೋಲಿಸಿದರೆ, ನೆಂಟರು ಜಗಲಿಗೆ ಬಂದು, ಕಾಲು ತೊಳೆದು, ಆಸರಿಗೆ ಕೇಳಿಸಿಕೊಂಡು ಆಮೇಲೆ ಒಳಗೆ ಬರುತ್ತಾರೆ. ಪಕ್ಕದ ಮನೆಯ ಹೆಂಗಸರು ಹಿತ್ತಿಲ ಬಾಗಿಲಿನಿಂದ ಸೀದಾ ಅಡುಗೆಮನೆಗೆ. ವಾಸನೆ ಹಿತ್ತಿಲ ಬಾಗಿಲಿನ ನೆಂಟ. ಇದು ಯಾರು, ಯಾವ ವಾಸನೆ ಅಂತ ನೀವು ಹೆಸರು ಹುಡುಕುವಷ್ಟರಲ್ಲಿ ಅದು ಒಲೆಯ ಮುಂದೆ ಕೂತಾಗಿರುತ್ತದೆ. ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳ ಜೀನ್‌ಗಳನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಇನ್ನೊಂದು ಸಂಗತಿ ನನಗೆ ಜಾಸ್ತಿ ಇಷ್ಟ. ಸ್ವೀಡನ್ನಿನ ಇಬ್ಬರು ಸಂಶೋಧಕರು 2006ರಲ್ಲಿ ವಯಸ್ಸಾದವರಿಗೆ ಕೆಲವು ಪದ, ಕೆಲವು ಚಿತ್ರ, ಕೆಲವು ವಾಸನೆ ಕೊಟ್ಟು ಏನು ನೆನಪಾಗುತ್ತದೆ ಕೇಳಿದರು. ಪದ, ಚಿತ್ರಗಳಿಂದ ಎದ್ದದ್ದು ಹೆಚ್ಚಾಗಿ ಹರೆಯದ ದಿನಗಳ ನೆನಪು. ವಾಸನೆಯಿಂದ ಎದ್ದದ್ದು ಹೆಚ್ಚಾಗಿ ಹತ್ತು ವರ್ಷ ತುಂಬುವ ಮೊದಲಿನ ಬಾಲ್ಯದ್ದು. ಮೂಗು ನಮ್ಮನ್ನು ಒಮ್ಮೆಲೇ ಬಾಲ್ಯಕ್ಕೆ ಒಯ್ಯುತ್ತದೆ ಅನ್ನುವುದು ಬರೀ ಮಾತಲ್ಲ.

ಒಳಗೆ ಹೋದೆ. ಮನೆ ಚಿಕ್ಕದಾಗಿತ್ತು. ಊರಿಗೆ ಮರಳಿದವರೆಲ್ಲ ಹೇಳುವ ಮಾತು ಇದು, ಅಲ್ವಾ? ಅಷ್ಟು ದೊಡ್ಡ ಅಂಗಳ ಎಲ್ಲಿ ಹೋಯಿತು, ಜಗಲಿ ಇಷ್ಟೇನಾ ಅಂತ. ಜಗಲಿಯ ಎತ್ತರ ಅಳೆದೆ, ಎರಡೂವರೆ ಅಡಿ. ಆರು ವರ್ಷದವನಿದ್ದಾಗ ನನ್ನ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಮೇಲಿದ್ದಿರಬೇಕು, ಈಗ ಐದಡಿಗೂ ಮೇಲೆ. ಆಗ ಜಗಲಿ ಎದೆಮಟ್ಟಕ್ಕೆ ಬರುತ್ತಿತ್ತು, ಹತ್ತಬೇಕಾದರೆ ಕೈಯೂರಬೇಕಿತ್ತು. ಈಗ ತೊಡೆಯ ಮಟ್ಟಕ್ಕೆ ಬರುತ್ತದೆ. ಮಿದುಳಿನ ಬಳಿ ಅಡಿಕೋಲು ಇಲ್ಲ. ಇರುವುದು ನಮ್ಮದೇ ಮೈ, ಅದರಿಂದಲೇ ಲೋಕವನ್ನು ಅಳೆಯುತ್ತದೆ. ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ಹೆನ್ರಿಕ್ ಎರ್ಸನ್ ಮತ್ತು ಜೊತೆಗಾರರು ಇದನ್ನು 2011ರಲ್ಲಿ ಚೆಂದ ಮಾಡಿ ತೋರಿಸಿದರು. ಮಲಗಿದವರ ಕಣ್ಣಿಗೆ ಸಣ್ಣ ವಿಡಿಯೋ ಪರದೆ ಕಟ್ಟಿ, ತಮ್ಮ ಮೈಯ ಜಾಗದಲ್ಲಿ ಒಂದು ಬೊಂಬೆಯ ಮೈ ಕಾಣುವ ಹಾಗೆ ಮಾಡಿದರು. ಅವರ ಕಾಲನ್ನೂ ಬೊಂಬೆಯ ಕಾಲನ್ನೂ ಒಂದೇ ಹೊತ್ತಿಗೆ ಕೋಲಿನಿಂದ ಸವರಿದರು. ಸ್ವಲ್ಪ ಹೊತ್ತಿಗೆ ಬೊಂಬೆಯ ಮೈಯೇ ತನ್ನದು ಅನಿಸತೊಡಗುತ್ತದೆ. ಬೊಂಬೆ ಗೇಣುದ್ದದ್ದಾದರೆ ಎದುರಿನ ಪೆಟ್ಟಿಗೆ ದೊಡ್ಡದಾಗಿ, ದೂರವಾಗಿ ಕಾಣುತ್ತದೆ. ನಾಲ್ಕು ಮೀಟರಿನ ದೈತ್ಯನಾದರೆ ಅದೇ ಪೆಟ್ಟಿಗೆ ಸಣ್ಣದು. ನಮ್ಮ ಮನೆ ಕುಗ್ಗಲಿಲ್ಲ. ನೆನಪಿನಲ್ಲಿದ್ದದ್ದು ಮೂರೂವರೆ ಅಡಿಯ ಕಣ್ಣಿನ ಮನೆ.

ಸಂಜೆ ಕರೆಂಟ್ ಹೋಯಿತು. ಕತ್ತಲಲ್ಲಿ ನಡುಮನೆಯಿಂದ ಬಚ್ಚಲಿಗೆ ಹೋಗಬೇಕಿತ್ತು. ಮೊಬೈಲ್ ಜೇಬಿನಿಂದ ತೆಗೆಯುವ ಮೊದಲೇ ಕಾಲು ಹೊರಟಾಗಿತ್ತು. ಹೊಸ್ತಿಲು ದಾಟುವಾಗ ತಲೆ ತಾನಾಗಿ ಬಗ್ಗಿತು, ಒರಳುಕಲ್ಲಿನ ಹತ್ತಿರ ಮೈ ಎಡಕ್ಕೆ ತಿರುಗಿತು. ಆ ಒರಳು ಈಗ ಅಲ್ಲಿಲ್ಲ! ಇದೂ ನೆನಪೇ. ನೆನಪು ಅಂದರೆ ಒಂದೇ ಡಬ್ಬಿ ಅಲ್ಲ ಅನ್ನುವುದು ವಿಜ್ಞಾನಕ್ಕೆ ಗೊತ್ತಾದದ್ದು ಒಬ್ಬ ಮನುಷ್ಯನಿಂದ. ಅಮೆರಿಕದ ಹೆನ್ರಿ ಮೊಲೈಸನ್‌ಗೆ ವಿಪರೀತ ಅಪಸ್ಮಾರ. 1953ರಲ್ಲಿ ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದುಹಾಕಿದರು. ಅಪಸ್ಮಾರ ತಗ್ಗಿತು, ಆದರೆ ಅಂದಿನಿಂದ ಅವನಿಗೆ ಹೊಸ ನೆನಪು ನಿಲ್ಲಲಿಲ್ಲ. ಈಗ ಮಾತಾಡಿದವರು ಎದ್ದು ಹೋಗಿ ತಿರುಗಿ ಬಂದರೆ ಹೊಸಬರು. ಹಾಗಿದ್ದೂ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಅವನ ಕೈ ಪಳಗಿತು, ಹಿಂದಿನ ದಿನ ಮಾಡಿದ್ದೇ ಅವನಿಗೆ ಗೊತ್ತಿರಲಿಲ್ಲ. ಇನ್ನೂ ಆಶ್ಚರ್ಯ ಏನೆಂದರೆ, ಆಪರೇಷನ್ ಆಗಿ ಕೆಲವು ವರ್ಷದ ಮೇಲೆ ಹೋಗಿ ಸೇರಿದ ಮನೆಯ ನಕ್ಷೆಯನ್ನು ಅವನು ಕೋಣೆ ಕೋಣೆ ಸರಿಯಾಗಿ ಬರೆದು ತೋರಿಸಿದ. ದಿನಾ ಓಡಾಡಿದ ಮನೆ ಮೈಗೆ ಇಳಿಯುತ್ತದೆ. ಅವನು 2008ರಲ್ಲಿ ತೀರಿಕೊಂಡ.

ಈಗ ನಾನು ಊರಿಗೆ ಬಾರದಿದ್ದ ಕಾರಣಕ್ಕೆ ಬರುತ್ತೇನೆ.

ನನಗೆ ಎಂಟು ವರ್ಷ. ತೋಟದ ದಾರಿಗೆ ಉಣಗೋಲು ಇತ್ತು. ಗೊತ್ತಿಲ್ಲದವರಿಗೆ, ಎರಡು ಕಲ್ಲುಕಂಬ, ಅದರಲ್ಲಿ ತೂತು, ತೂತಿಗೆ ಅಡ್ಡ ತೂರಿಸಿದ ಗಳ, ಅದೇ ಗೇಟು. ಯಾರೋ ಅದನ್ನು ತೆರೆದಿಟ್ಟು ಬಂದರು. ದನ ನುಗ್ಗಿ ಆ ವರ್ಷ ನೆಟ್ಟ ಅಡಿಕೆ ಸಸಿಗಳನ್ನು ಒಂದೂ ಬಿಡದೆ ತಿಂದವು. ಅಪ್ಪ ಸಂಜೆ ಬಂದು ನೋಡಿದ. ಅಂಗಳದಲ್ಲಿ ಬಿದ್ದಿದ್ದ ಅಡಿಕೆ ದಬ್ಬೆ ಎತ್ತಿಕೊಂಡ. ಮೆಟ್ಟಿಲ ಹತ್ತಿರ ನನ್ನನ್ನು ಹಿಡಿದು ಕಾಲಿಗೆ ಬಾರಿಸಿದ, ದಬ್ಬೆ ಸೀಳುವ ತನಕ. ನನಗೆ ಅವನ ಬಿಳಿ ಪಂಚೆಯ ಅಂಚಿನ ಕೆಸರು ಕಾಣುತ್ತದೆ. ದಬ್ಬೆ ಗಾಳಿಯಲ್ಲಿ ಬರುವ ಸದ್ದು ಕೇಳುತ್ತದೆ. ಎಲ್ಲಕ್ಕಿಂತ ಜಾಸ್ತಿ, ನಾನಲ್ಲ ತೆರೆದಿಟ್ಟದ್ದು, ನನಗ್ಯಾಕೆ ಹೊಡೆತ ಅನ್ನುವ ಸಂಕಟ. ಆ ಸಂಕಟವನ್ನು ಮೂವತ್ತು ವರ್ಷ ಹೊತ್ತಿದ್ದೇನೆ. ಫೋನಿನಲ್ಲಿ ಅಪ್ಪನ ದನಿ ಬಂದರೆ ಆಯಿಗೆ ಕೊಡು ಅನ್ನುತ್ತಿದ್ದೆ.

ಕರೆಂಟ್ ಇಲ್ಲದ ಆ ಸಂಜೆ ಜಗಲಿಯಲ್ಲಿ ಕೂತು ಮೊದಲ ಸಲ ಇದನ್ನು ಅಣ್ಣನ ಹತ್ತಿರ ಹೇಳಿದೆ. ಅವನು ಪೂರ್ತಿ ಕೇಳಿದ. ಆಮೇಲೆ ಪಂಚೆ ಸರಿಸಿ ಎಡಗಾಲಿನ ಮೀನಖಂಡ ತೋರಿಸಿದ. ಮಾಸಿದ ಬಿಳಿ ಗೆರೆ, ಒಂದು ಬೆರಳಷ್ಟು ಉದ್ದ. "ಅಪ್ಪಯ್ಯ ಹೊಡ್ದಿದ್ದು ನಿಂಗಲ್ದೋ ಮಾಣಿ, ಯಂಗೆ. ನೀನು ಜಗ್ಲಿ ಮೇಲೆ ನಿಂತ್ಕಂಡು ಅಳ್ತಾ ಇದ್ದಿದ್ದೆ."

ನನ್ನ ಕಾಲಲ್ಲಿ ಗೆರೆ ಇಲ್ಲ.

ಕಾಲೇಜಿನಲ್ಲಿ ಹದಿನೇಳು ವರ್ಷದಿಂದ ಜೀವವಿಜ್ಞಾನ ಹೇಳುವವನು ನಾನು. ನೆನಪು ವಿಡಿಯೋ ಅಲ್ಲ ಅಂತ ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಆದರೂ ಆ ಹೊತ್ತು ಬಾಯಿಂದ ಬಂದ ಮೊದಲ ಮಾತು, ಸಾಧ್ಯವೇ ಇಲ್ಲ, ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಇದೇ ದೊಡ್ಡ ತಪ್ಪು ತಿಳಿವಳಿಕೆ. ಕಣ್ಣಿಗೆ ಕಟ್ಟಿದ ಹಾಗಿದ್ದರೆ ಅದು ನಿಜ ಅಂತ ನಾವು ಅಂದುಕೊಂಡಿದ್ದೇವೆ. ಸ್ಪಷ್ಟತೆಗೂ ಸತ್ಯಕ್ಕೂ ಅಂಥ ನಂಟಿಲ್ಲ. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನವೇ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ತನ್ನ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದೆಲ್ಲ ಬರೆಸಿಟ್ಟುಕೊಂಡ. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದ. 11 ಮಂದಿ ಹೇಳಿದ್ದು ಪೂರಾ ತಪ್ಪು, ಎಲ್ಲ ಸರಿ ಹೇಳಿದವರು ಮೂವರೇ. ತಪ್ಪು ಹೇಳಿದವರಿಗೂ ತುಂಬಾ ಖಾತ್ರಿ ಇತ್ತು. ತಮ್ಮದೇ ಕೈಬರಹ ಮುಂದಿಟ್ಟರೂ ಹಳೆಯ ನೆನಪು ಅವರಿಗೆ ವಾಪಸ್ ಬರಲಿಲ್ಲ.

ಅಣ್ಣನ ಹೊಡೆತ ನನ್ನದಾದದ್ದು ಹೇಗೆ? ಇದಕ್ಕೂ ಅಧ್ಯಯನ ಇದೆ. ಮರ್ಸಿಡಿಸ್ ಶೀನ್, ಸೈಮನ್ ಕೆಂಪ್, ಡೇವಿಡ್ ರೂಬಿನ್ ಎಂಬ ಮೂವರು 2001ರಲ್ಲಿ ಅವಳಿಗಳ ಬಗ್ಗೆ ಬರೆದರು. ಒಂದೇ ಘಟನೆಯನ್ನು ಇಬ್ಬರೂ 'ಅದು ನನಗೆ ಆದದ್ದು' ಅನ್ನುತ್ತಾರೆ. ಸೈಕಲ್ಲಿನಿಂದ ಬಿದ್ದದ್ದು ನಾನು, ಅಲ್ಲ ನಾನು ಅನ್ನುವ ಥರ. ಅವಳಿಗಳಷ್ಟೇ ಅಲ್ಲ, ಅಣ್ಣತಮ್ಮಂದಿರಲ್ಲೂ ಗೆಳೆಯರಲ್ಲೂ ಇದು ಕಂಡಿತು. ಅವರೇ ಮುಂದೆ ಇನ್ನೊಂದು ಸಂಗತಿ ಹೇಳಿದರು, ಅದನ್ನು ಓದಿದ್ದೆ, ಆದರೆ ನನ್ನ ಮೇಲೆ ಇಟ್ಟು ನೋಡಿರಲಿಲ್ಲ. ಇಂಥ ಜಗಳದಲ್ಲಿ ಜನ ಸಾಧನೆಯನ್ನೂ, ತಾವು ಪಟ್ಟ ಕಷ್ಟವನ್ನೂ ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ತಪ್ಪನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ. ಇದು ಸುಳ್ಳು ಹೇಳುವುದಲ್ಲ. ಹೇಳುವವನಿಗೆ ತಾನು ಹೇಳುತ್ತಿರುವುದು ನಿಜವೇ.

ಇಲ್ಲಿ ತುಸು ನಿಲ್ಲಬೇಕು. ನೆನಪಿನ ವಿಜ್ಞಾನದಲ್ಲಿ ನನಗೆ ಅತ್ಯಂತ ಪ್ರೀತಿಯ ವಿಷಯ ಈಗ ಬರುವುದು.

ಹಳೇ ತಿಳಿವಳಿಕೆ ಹೀಗಿತ್ತು. ಘಟನೆ ನಡೆದ ಕೂಡಲೇ ನೆನಪು ಹಸಿಯಾಗಿರುತ್ತದೆ, ಆಮೇಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ, ಗಟ್ಟಿಯಾದ ಮೇಲೆ ಮುಗಿಯಿತು. ಈ ಗಟ್ಟಿಯಾಗುವ ಮಾತನ್ನು ಜರ್ಮನಿಯ ಮ್ಯೂಲರ್ ಮತ್ತು ಪಿಲ್ಝೆಕರ್ 1900ರಲ್ಲೇ ಆಡಿದ್ದರು. ಮಿದುಳಿನ ಕೋಶಗಳ ನಡುವಿನ ಕೊಂಡಿಗಳು ಬಲವಾಗಬೇಕು, ಅದಕ್ಕೆ ಹೊಸ ಪ್ರೋಟೀನು ತಯಾರಾಗಬೇಕು, ಪ್ರೋಟೀನು ತಯಾರಾಗದಂತೆ ತಡೆದರೆ ನೆನಪು ನಿಲ್ಲುವುದಿಲ್ಲ, ಇಷ್ಟು ಗೊತ್ತಾಗಿತ್ತು. 1968ರಲ್ಲಿ ಅಮೆರಿಕದ ಮೂವರು ಒಂದು ವಿಚಿತ್ರ ಕಂಡರು. ಇಲಿಗೆ ಹಳೇ ಭಯವೊಂದನ್ನು ನೆನಪಿಸಿ ಕೂಡಲೇ ಮಿದುಳಿಗೆ ವಿದ್ಯುತ್ ಆಘಾತ ಕೊಟ್ಟರೆ, ಗಟ್ಟಿಯಾಗಿದ್ದ ಆ ಭಯ ಅಳಿಸಿಹೋಗುತ್ತಿತ್ತು. ಯಾರೂ ಅದನ್ನು ಅಷ್ಟಾಗಿ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಮೂವತ್ತು ವರ್ಷ ಹೆಚ್ಚುಕಡಿಮೆ ಮೂಲೆಯಲ್ಲಿ ಬಿತ್ತು. 2000ದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜೋಸೆಫ್ ಲೆಡೂ ಅವರ ಪ್ರಯೋಗಾಲಯದಲ್ಲಿ ಕರೀಮ್ ನಾದರ್ ಅದನ್ನು ಮತ್ತೆ ಎತ್ತಿಕೊಂಡ. ಇಲಿಗೆ ಒಂದು ಸದ್ದು ಕೇಳಿಸಿ ಕಾಲಿಗೆ ಶಾಕ್ ಕೊಟ್ಟರು. ಸದ್ದು ಕೇಳಿದರೆ ಇಲಿ ಹೆದರಿ ಮರಗಟ್ಟಿ ನಿಲ್ಲುತ್ತದೆ. ಮರುದಿನ ಒಂದೇ ಒಂದು ಸಲ ಸದ್ದು ಕೇಳಿಸಿ, ಅಮಿಗ್ಡಲಕ್ಕೆ ಪ್ರೋಟೀನು ತಡೆಯುವ ಮದ್ದು ಹಾಕಿದರು. ಅದರ ಮರುದಿನ ಸದ್ದು ಕೇಳಿಸಿದರೆ ಇಲಿಗೆ ಭಯ ಬಹುಪಾಲು ಹೋಗಿತ್ತು. ನೆನಪಿಸದೆ ಬರೀ ಮದ್ದು ಹಾಕಿದರೆ ಏನೂ ಆಗಲಿಲ್ಲ. ನೆನಪಿಸಿ ಆರು ತಾಸು ಬಿಟ್ಟು ಹಾಕಿದರೂ ಆಗಲಿಲ್ಲ.

ಇದರ ಅರ್ಥ ನೋಡಿ. ಗಟ್ಟಿಯಾದ ನೆನಪನ್ನು ಹೊರಗೆ ತೆಗೆದಾಗ ಅದು ಮತ್ತೆ ಹಸಿಯಾಗುತ್ತದೆ. ಕೆಲವು ತಾಸು ಹಾಗೇ ಇದ್ದು, ಹೊಸ ಪ್ರೋಟೀನು ಹಾಕಿಕೊಂಡು ಮತ್ತೆ ಗಟ್ಟಿಯಾಗುತ್ತದೆ. ನೆನಪು ಮಾಡಿಕೊಳ್ಳುವುದು ಅಂದರೆ ಅಟ್ಟದಿಂದ ಪೆಟ್ಟಿಗೆ ಇಳಿಸಿ ನೋಡಿ ಮತ್ತೆ ಇಡುವುದಲ್ಲ. ಅಚ್ಚುಬೆಲ್ಲವನ್ನು ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯುವುದು. ಕರಗಿದ ಹೊತ್ತಿನಲ್ಲಿ ಏನು ಬಿದ್ದರೂ, ಏಲಕ್ಕಿಯಾಗಲಿ ಕಸವಾಗಲಿ, ಒಳಗೇ ಸೇರಿ ಗಟ್ಟಿಯಾಗುತ್ತದೆ. ಆಮೇಲೆ ಬೆಲ್ಲ ಯಾವುದು ಬಿದ್ದದ್ದು ಯಾವುದು ಅಂತ ಬಿಡಿಸಲು ಬರುವುದಿಲ್ಲ. ಅಥವಾ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿದವರು ಹೀಗೆ ಯೋಚಿಸಿ. ಕಟ್ಟಿದ ಉಪ್ಪಿನ ಮೇಲೆ ಅಕಾಲದ ಮಳೆ ಬಂದರೆ ಹರಳು ಕರಗುತ್ತದೆ. ಬಿಸಿಲು ಬಂದರೆ ಮತ್ತೆ ಹರಳು ಕಟ್ಟುತ್ತದೆ. ಉಪ್ಪು ಅದೇ, ಹರಳು ಬೇರೆ. ನನಗೆ ಎಲ್ಲಕ್ಕಿಂತ ಸರಿ ಅನಿಸುವುದು ಅಡಿಕೆ ಬೇಯಿಸುವ ಹಂಡೆ. ಹಸಿ ಅಡಿಕೆಯನ್ನು ಬರೀ ನೀರಲ್ಲಿ ಬೇಯಿಸುವುದಿಲ್ಲ, ಹಿಂದಿನ ಸಲದ ಚೊಗರು ಹಾಕುತ್ತೇವೆ. ಆ ಕೆಂಪು ಬಣ್ಣ ಬರುವುದು ಅದರಿಂದ. ನೆನಪನ್ನು ಪ್ರತಿ ಸಲ ಬೇಯಿಸುವಾಗಲೂ ಅವತ್ತಿನ ಮನಸ್ಸಿನ ಚೊಗರು ಅದಕ್ಕೆ ಹತ್ತುತ್ತದೆ. ನಾನು ಹುಬ್ಬಳ್ಳಿಯಲ್ಲಿ ಒಂಟಿಯಾಗಿದ್ದ ರಾತ್ರಿಗಳಲ್ಲಿ ಆ ಹೊಡೆತವನ್ನು ಎಷ್ಟು ಸಲ ಬೇಯಿಸಿರಬಹುದು? ಮನೆಯಿಂದ ಕಳಿಸಿಬಿಟ್ಟರು ಅನ್ನುವ ಬೇಜಾರು, ಅತ್ತೆ ಮನೆಯ ಸಂಕೋಚ, ಎಲ್ಲ ಆ ಹಂಡೆಗೆ ಬಿದ್ದಿರಬೇಕು. ಹೆಚ್ಚು ಸಲ ನೆನೆದ ನೆನಪು ಹೆಚ್ಚು ಭದ್ರ ಅಂದುಕೊಂಡಿದ್ದೆ. ಹೆಚ್ಚು ಸಲ ಬೆಂದದ್ದು ಅದೇ.

ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಎಷ್ಟರ ಮಟ್ಟಿಗೆ, ಯಾವ ನೆನಪಿಗೆ ಅನ್ನುವ ಬಗ್ಗೆ ಚರ್ಚೆ ಇನ್ನೂ ನಡೆದಿದೆ. ಕೆಲವು ಪ್ರಯೋಗ ಹೊಂದುತ್ತವೆ, ಕೆಲವು ಹೊಂದುವುದಿಲ್ಲ. ಆದರೆ ನಾವು ನೆನಪನ್ನು ಪ್ರತಿ ಸಲ ಹೊಸದಾಗಿ ಕಟ್ಟುತ್ತೇವೆ ಅನ್ನುವುದರಲ್ಲಿ ಸಂಶಯವಿಲ್ಲ. ಕೇಂಬ್ರಿಜಿನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ಹೇಳಿದ್ದ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ದೆವ್ವದ ಕಥೆಯನ್ನು ಇಂಗ್ಲೆಂಡಿನವರಿಗೆ ಓದಿಸಿ, ದಿನ ಕಳೆದ ಮೇಲೆ ನೆನಪಿನಿಂದ ಬರೆಸಿದ. ತೋಡುದೋಣಿ ಬರೀ ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು, ಅರ್ಥವಾಗದ ಕಡೆ ಇಂಗ್ಲೆಂಡಿಗೆ ಹೊಂದುವ ಕಾರಣ ಬಂದು ಕೂತಿತು. ತಾಳಮದ್ದಲೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ಭಾಗವತರು ಹಾಡುವ ಪದ್ಯ ಅದೇ. ಅರ್ಥ ಹೇಳುವವರು ಅವತ್ತಿನ ಮಾತಿನಲ್ಲಿ, ಎದುರು ಕೂತವರನ್ನು ನೋಡಿ, ಪಾತ್ರವನ್ನು ಹೊಸದಾಗಿ ಕಟ್ಟುತ್ತಾರೆ. ಕರ್ಣನ ದುಃಖ ಪ್ರತಿ ರಾತ್ರಿ ನಿಜ, ಆದರೆ ಒಂದು ರಾತ್ರಿಯದು ಇನ್ನೊಂದು ರಾತ್ರಿ ಇರುವುದಿಲ್ಲ. ನೆನಪಿಗೆ ಪದ್ಯ ನಾಲ್ಕೇ ಸಾಲು. ಉಳಿದದ್ದು ಅರ್ಥಗಾರಿಕೆ.

ವಿಜ್ಞಾನಿಗಳಿಗಿಂತ ಮೊದಲು ಇದನ್ನು ಕಂಡ ಒಬ್ಬರು ನಮ್ಮ ಕಾರವಾರದಲ್ಲಿ ಇದ್ದುಹೋದವರು. ರವೀಂದ್ರನಾಥ ಟ್ಯಾಗೋರ್ ಇಪ್ಪತ್ತರ ಹರೆಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋದದ್ದು, ಬರುವಾಗ ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ನಡೆದದ್ದು, ಇದನ್ನೆಲ್ಲ ಅವರು 1912ರಲ್ಲಿ ಬಂದ ತಮ್ಮ ಜೀವನದ ನೆನಪುಗಳಲ್ಲಿ ಬರೆದಿದ್ದಾರೆ. ಆ ಪುಸ್ತಕ ಶುರುವಾಗುವುದೇ, ನೆನಪಿನ ಭಿತ್ತಿಯ ಮೇಲೆ ಬರೆಯುವವನು ಚಿತ್ರಗಾರ, ನಡೆದದ್ದರ ನಕಲು ತೆಗೆಯುವುದು ಅವನ ಕೆಲಸವಲ್ಲ ಅನ್ನುವ ಮಾತಿನಿಂದ. ಕಾರವಾರದ ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೇವೆ. ಈ ಮಾತನ್ನೂ ಅಲ್ಲಿ ಎಲ್ಲಾದರೂ ಬರೆಸಬೇಕು ಅನಿಸುತ್ತದೆ ನನಗೆ.

ನನಗೆ ಚಿಂತೆಯಾಗುವುದು ಬೇರೆ ಕಡೆ. ಇಷ್ಟು ಮೆತ್ತಗಿರುವ ವಸ್ತುವಿನ ಮೇಲೆ ಕೈಯಾಡಿಸಿ ದುಡ್ಡು ಮಾಡುವವರಿದ್ದಾರೆ. ಮಲಗಿಸಿ, ಕಣ್ಣು ಮುಚ್ಚಿಸಿ, ಹಿಂದೆ ಹೋಗಿ, ಇನ್ನೂ ಹಿಂದೆ ಹೋಗಿ, ನಿಮ್ಮ ಹಿಂದಿನ ಜನ್ಮದಲ್ಲಿ ಏನು ಕಾಣ್ತಾ ಇದೆ ಅನ್ನುವವರು. ಟಿವಿಯಲ್ಲೂ ಇಂಥದ್ದನ್ನು ನೋಡಿದ್ದೇವೆ. ಮಲಗಿದವರು ಅಳುತ್ತಾರೆ, ಹೆಸರು ಹೇಳುತ್ತಾರೆ, ಬಾವಿಗೆ ತಳ್ಳಿದವರನ್ನು ತೋರಿಸುತ್ತಾರೆ. ಅವರ ಅಳು ನಾಟಕವಲ್ಲ. ಅದಕ್ಕೇ ಅದು ಅಪಾಯ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಅರ್ಧ ಶತಮಾನ ಇದನ್ನೇ ತೋರಿಸಿದ್ದಾರೆ. 1974ರಲ್ಲಿ ಅವರೂ ಜಾನ್ ಪಾಮರ್ ಅವರೂ ಕಾರು ಅಪಘಾತದ ಫಿಲ್ಮ್ ತೋರಿಸಿ, 50 ಮಂದಿಗೆ ಕಾರುಗಳು 'ತಾಗಿದಾಗ' ಎಷ್ಟು ವೇಗವಿತ್ತು ಅಂತ ಕೇಳಿದರು, ಇನ್ನು 50 ಮಂದಿಗೆ 'ನುಚ್ಚುನೂರಾಗುವಂತೆ ಗುದ್ದಿದಾಗ' ಅಂತ ಕೇಳಿದರು. ಒಂದು ವಾರದ ಮೇಲೆ, ಒಡೆದ ಗಾಜು ಕಂಡಿತಾ ಅಂತ ಕೇಳಿದರೆ ಮೊದಲ ಗುಂಪಿನಲ್ಲಿ 7 ಮಂದಿ, ಎರಡನೆಯದರಲ್ಲಿ 16 ಮಂದಿ ಹೌದು ಅಂದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಕ್ರಿಯಾಪದ ಸಾಕಾಯಿತು. 1995ರಲ್ಲಿ ಇನ್ನೂ ಮುಂದೆ ಹೋಗಿ 24 ಮಂದಿಗೆ, ನೀವು ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಎಂದು ಮನೆಯವರ ಹೆಸರಿನಲ್ಲಿ ಒಂದು ಕಟ್ಟುಕಥೆ ಕೊಟ್ಟರು. ಸುಮಾರು ಕಾಲುಭಾಗ ಜನರಿಗೆ ಅದು ಪೂರ್ತಿಯಾಗೋ ಅರೆಬರೆಯಾಗೋ 'ನೆನಪಾಯಿತು'. ಕೆದಕುವವರು ಯಾವ ಪದದಿಂದ ಕೆದಕುತ್ತಾರೆ ಅನ್ನುವುದರ ಮೇಲೆ ಹಿಂದಿನ ಜನ್ಮವೂ ಸಿಗುತ್ತದೆ, ಮಾಟ ಮಾಡಿದ ದಾಯಾದಿಯೂ ಸಿಗುತ್ತಾನೆ. ನಮ್ಮ ಊರಲ್ಲೇ ಎರಡು ಮನೆಗಳು ಇಂಥದೊಂದು 'ನೆನಪಿನ' ಮೇಲೆ ಹೊಕ್ಕುಬಳಕೆ ಬಿಟ್ಟಿವೆ. ದಯವಿಟ್ಟು ಮಕ್ಕಳನ್ನು ಇಂಥವರ ಮುಂದೆ ಕೂರಿಸಬೇಡಿ.

ಮಾರನೇ ದಿನ ಬೆಳಿಗ್ಗೆ ಮಳೆ ನಿಂತಾಗ ಒಬ್ಬನೇ ತೋಟದ ದಾರಿಗೆ ಇಳಿದೆ. ಈಗ ಅಲ್ಲಿ ಕಬ್ಬಿಣದ ಗೇಟು. ಹಳೇ ಕಲ್ಲುಕಂಬ ಒಂದು ಹಾಗೇ ನಿಂತಿದೆ, ಮೂರು ತೂತು, ನಡುವಿನ ತೂತಿನಲ್ಲಿ ಹಾವಸೆ. ನೆನಪಿನಲ್ಲಿ ಅದು ನನ್ನ ತಲೆಗಿಂತ ಎತ್ತರ, ಈಗ ಸೊಂಟಕ್ಕೆ ಬರುತ್ತದೆ. ಮೇಲಿನ ತೂತಿಗೆ ಕೈ ಹಾಕಿದೆ. ಒಳಗೆ ತಣ್ಣಗೆ, ನುಣುಪು, ಗಳ ಉಜ್ಜಿ ಉಜ್ಜಿ ಸವೆದದ್ದು. ಅಷ್ಟರಲ್ಲಿ ಒಂದು ಚಿತ್ರ ಬಂತು. ಸಣ್ಣ ಕೈ, ಒದ್ದೆ ಗಳ, ಭಾರ, ಎಳೆದು ನೆಲಕ್ಕೆ ಬಿಟ್ಟು ಓಡಿದ್ದು. ನನ್ನದೇ ಕೈ.

ಎದೆ ಹೊಡೆದುಕೊಂಡಿತು. ತೆರೆದಿಟ್ಟದ್ದು ನಾನೇನಾ? ತಪ್ಪು ಇನ್ಯಾರಿಗೋ, ಹೊಡೆತ ನನಗೆ ಅಂತ ಹಂಚಿಕೊಂಡು ಮೂವತ್ತು ವರ್ಷ ಅಪ್ಪನ ಮೇಲೆ ಮುನಿಸಿಕೊಂಡಿದ್ದೆನಾ? ಆದರೆ ಪಾಠ ಹೇಳುವವನಿಗೆ ಇದೂ ಗೊತ್ತು. ಆ ಚಿತ್ರ ನಿನ್ನೆ ಸಂಜೆಯವರೆಗೆ ಇರಲಿಲ್ಲ. ಅಣ್ಣನ ಮಾತು ಕೇಳಿ, ರಾತ್ರಿಯಿಡೀ ಅದನ್ನೇ ಯೋಚಿಸಿ, ಬೆಳಿಗ್ಗೆ ಕಲ್ಲಿನ ತೂತಿಗೆ ಕೈ ಹಾಕಿದ ಮೇಲೆ ಹುಟ್ಟಿದ್ದು. ನೆನಪು ಬೇಯಲು ಬೇಕಾದ ಹಂಡೆ, ಬೆಂಕಿ, ಚೊಗರು ಮೂರೂ ಇದ್ದವು. ನಿಜವಾಗಿ ಅದು ಎಲ್ಲೋ ಇದ್ದು ಈಗ ಸಿಕ್ಕಿತೋ, ಈಗಷ್ಟೇ ಕಟ್ಟಿದ್ದೋ, ಒಳಗಿನಿಂದ ನೋಡಿ ಹೇಳಲು ಯಾವ ದಾರಿಯೂ ಇಲ್ಲ. ಎರಡೂ ಒಂದೇ ಥರ ಅನಿಸುತ್ತವೆ. ಗೆರೆಯೊಂದೇ ಹೊರಗಿನ ಸಾಕ್ಷಿ, ಅದು ಅಣ್ಣನ ಕಾಲಲ್ಲಿದೆ.

ವಾಪಸ್ ಬಂದಾಗ ಹೊಸ ಮನೆಯ ಹಿತ್ತಿಲ ಕಡೆ ಆಯಿ ಕೂತು ಅರಿಶಿನ ಎಲೆ ಒರೆಸುತ್ತಿದ್ದಳು. ಅಣ್ಣನೂ ಅಲ್ಲೇ ಇದ್ದ. ಅವಳ ಪಕ್ಕ ಕೂತು, ಯಾವ ಕಡೆಗೂ ವಾಲದ ಹಾಗೆ ಎಚ್ಚರದಿಂದ ಕೇಳಿದೆ, ದನ ಸಸಿ ತಿಂದ ವರ್ಷ ಏನಾಯಿತು ನೆನಪಿದೆಯಾ ಅಂತ. ಅವಳು ಎಲೆ ಒರೆಸುವುದು ನಿಲ್ಲಿಸಲಿಲ್ಲ. ನೆನಪಿದೆ ಅಂದಳು. ಅಪ್ಪ ದಬ್ಬೆ ಎತ್ತಿಕೊಂಡದ್ದು ಹೌದಂತೆ. ನಾವಿಬ್ಬರೂ ಜಗಲಿಯ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದೆವಂತೆ. ಅಪ್ಪ ದಬ್ಬೆಯನ್ನು ಮೆಟ್ಟಿಲಿಗೆ ಬಡಿದು ಬಡಿದು ಸೀಳಿ, ಎಸೆದು, ತೋಟಕ್ಕೆ ಹೋದವನು ಕತ್ತಲಾಗುವ ತನಕ ಬರಲಿಲ್ಲವಂತೆ. "ಅಂವ ಮಕ್ಕಳಿಗೆ ಕೈ ಮಾಡ್ದಂವ ಅಲ್ದಪ್ಪ" ಅಂದಳು.

ಹಾಗಾದರೆ ಕಾಲಿನ ಗೆರೆ, ಅಂತ ಅಣ್ಣ ಕೇಳಿದ.

ಅದು ಅಡಿಕೆ ಹಾಳೆಯ ಮೇಲೆ ಕೂತು ದರೆಯಿಂದ ಜಾರುವಾಗ ಆದದ್ದು, ಅದೇ ಮಳೆಗಾಲದಲ್ಲಿ, ನಾನೇ ಅರಿಶಿನ ಮೆತ್ತಿದ್ದೆ ಅಂದಳು ಆಯಿ, ಇನ್ನೊಂದು ಎಲೆ ತೆಗೆದುಕೊಂಡು.

ಅಣ್ಣ ಏನೂ ಹೇಳಲಿಲ್ಲ. ಪಂಚೆ ಸರಿಸಿ, ಬಗ್ಗಿ, ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತ ಬಹಳ ಹೊತ್ತು ಕೂತಿದ್ದ.